ಐ5-12400, ಕಾರವಾರದ ಸೆಕೆ, ರೆಂಡರ್ ಒತ್ತಿದ ಕೂಡಲೇ 100 ಡಿಗ್ರಿ. ಏನು ಮಾಡೋದು?

ಕಾಜುಬಾಗ ಎಡಿಟರ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ವಿಡಿಯೊ ಮಾಡುವವನು ನಾನು. ಇಡೀ ರಾತ್ರಿಯ ಆಟ, ಮೂರು ಕ್ಯಾಮೆರಾ. ಎಡಿಟ್ ಮುಗಿಸಿ ರೆಂಡರ್‌ಗೆ (ಎಲ್ಲಾ ಸೇರಿಸಿ ಒಂದೇ ವಿಡಿಯೊ ಫೈಲ್ ಮಾಡುವುದಕ್ಕೆ) ಹಾಕಿದರೆ ಮೆಷಿನ್ ಗಂಟೆಗಟ್ಟಲೆ ಓಡಲೇಬೇಕು. ಈ ಬೇಸಿಗೆಯಲ್ಲಿ ಹೊಸ ಡೆಸ್ಕ್‌ಟಾಪ್ ತಗೊಂಡೆ. ಇಂಟೆಲ್ ಐ5-12400 ಪ್ರೊಸೆಸರ್, ಬಿ660 ಬೋರ್ಡ್, ಪ್ರೊಸೆಸರ್ ಜೊತೆಗೇ ಬಂದ ಇಂಟೆಲ್ ಕೂಲರ್, ಮುಂದೆ ಪೂರ್ತಿ ಗ್ಲಾಸ್ ಇರುವ ಕ್ಯಾಬಿನೆಟ್. ಹುಬ್ಬಳ್ಳಿಯಲ್ಲಿ ಜೋಡಿಸಿ ಬಸ್ಸಿಗೆ ಹಾಕಿ ಕಳಿಸಿದರು.

ಸುಮ್ನೆ ಇದ್ದಾಗ 50ರ ಹತ್ತಿರ ಇರುತ್ತದೆ. ರೆಂಡರ್ ಒತ್ತಿದರೆ 100. ಫ್ಯಾನ್ ಕೂಗುವ ಸದ್ದಿಗೆ ಪಕ್ಕದ ರೂಮಿನಲ್ಲಿ ಅಪ್ಪನಿಗೆ ನಿದ್ದೆ ಇಲ್ಲ. ರೂಮಿಗೆ ಎಸಿ ಇಲ್ಲ, ಮಧ್ಯಾಹ್ನ ಒಳಗೇ 33 ಡಿಗ್ರಿ. ಅಂಗಡಿಗೆ ಫೋನ್ ಮಾಡಿದರೆ "ಕರಾವಳಿ ಸೆಕೆ ಸರ್, ಅಲ್ಲಿ ಹಾಗೇ ಇರುತ್ತೆ, ವಾಟರ್ ಕೂಲರ್ ಹಾಕಿಸಿ" ಅಂತಾರೆ. ನಿಜವಾಗಿ ಸೆಕೆಯದೇ ಕಾರಣವಾ? ಮಳೆಗಾಲ ಬರುವ ತನಕ ಕಾಯಬೇಕಾ?

ಭಟ್ಕಳ ಬಂದರು

ಪಕ್ಕದ ಮುಚ್ಚಳ ತೆಗೀರಿ, ಟೇಬಲ್ ಫ್ಯಾನ್ ಇಡಿ. ನಮ್ಮಲ್ಲಿ ಎಲ್ಲರೂ ಮಾಡೋದು ಅದನ್ನೇ.

ಹೊನ್ನಾವರ ಗೇಮರ್

ಅಂಗಡಿಯವರು ಹೇಳಿದ್ದು ಸರಿ ಇದೆ ಬ್ರೋ. 240 ಎಂಎಂ ಎಐಒ (ರೆಡಿಮೇಡ್ ವಾಟರ್ ಕೂಲರ್) ಹಾಕಿಬಿಡಿ. ನಾನು ಹಾಕಿದ್ದೇನೆ, ಗೇಮ್ ಆಡುವಾಗ 65 ದಾಟೋದಿಲ್ಲ. ನೋಡೋಕೂ ಚಂದ.

ಬೆಣ್ಣೆಹೊಳೆ (ಶಿರಸಿ)

ಸ್ವಲ್ಪ ತಡೀರಿ ಮಾರಾಯ್ರೇ. ಯಾರೂ ಈಗಲೇ ಏನೂ ಕೊಳ್ಳಬೇಡಿ. ಶಿರಸಿಯಲ್ಲಿ ರಿಪೇರಿ ಕೆಲಸ ಮಾಡಿಕೊಂಡು ಬಂದವನು ನಾನು. ಬಿಸಿ ಅಂತ ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಹೊಸ ಕೂಲರ್ ಬೇಕೇ ಆಗುವುದಿಲ್ಲ.

ಕಾಜುಬಾಗದವರೇ, ಎಷ್ಟು ಡಿಗ್ರಿ ಅಂತ ಹೇಳಿದಿರಿ. ಎಷ್ಟು ಹೊತ್ತಿಗೆ ಅಷ್ಟು ಏರುತ್ತದೆ ಅಂತ ಹೇಳಲಿಲ್ಲ. ನನಗೆ ಬೇಕಾದ್ದು ಅದು. ರೆಂಡರ್ ಒತ್ತಿದ ಎರಡು ಮೂರು ಸೆಕೆಂಡಿಗೆ 100 ಮುಟ್ಟುತ್ತದಾ, ಅಥವಾ 75, 80, 88 ಅಂತ ಹತ್ತು ಹದಿನೈದು ನಿಮಿಷ ತಗೊಂಡು ಮೇಲೆ ಹೋಗುತ್ತದಾ? ರೆಂಡರ್ ನಿಲ್ಲಿಸಿದಾಗ ಧಡ್ ಅಂತ ಕೆಳಗೆ ಬೀಳುತ್ತದಾ, ಮೆಲ್ಲಗೆ ಇಳಿಯುತ್ತದಾ?

ಎಚ್‌ಡಬ್ಲ್ಯುಇನ್ಫೋ ಹಾಕಿಕೊಳ್ಳಿ, ಮೆಷಿನ್‌ನ ಬಿಸಿ, ಪವರ್ ಎಲ್ಲಾ ತೋರಿಸುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸಿಪಿಯು ಪ್ಯಾಕೇಜ್ ಟೆಂಪರೇಚರ್, ಪ್ಯಾಕೇಜ್ ಪವರ್ ಎರಡನ್ನೂ ನೋಡಿ. ಡಿಗ್ರಿ ಒಂದನ್ನೇ ನೋಡಿ ಏನೂ ಹೇಳಲಿಕ್ಕೆ ಬರುವುದಿಲ್ಲ, ಎಷ್ಟು ವಾಟ್ ತಿನ್ನುತ್ತಿದೆ ಅನ್ನುವುದೂ ಗೊತ್ತಾಗಬೇಕು.

ಇನ್ನೊಂದು. 100 ತೋರಿಸುವಾಗ ಕೂಲರ್‌ನ ಅಲ್ಯೂಮಿನಿಯಂ ರೆಕ್ಕೆಯ ಅಂಚಿಗೆ ಮೆಲ್ಲಗೆ ಬೆರಳು ತಾಗಿಸಿ ನೋಡಿ. ಫ್ಯಾನಿಗೆ ಬೆರಳು ಕೊಡಬೇಡಿ ಮತ್ತೆ. ಅದು ಸುಡುತ್ತದಾ, ಬರೀ ಬೆಚ್ಚಗಿದೆಯಾ? ನೋಡಿ ಬರೆಯಿರಿ.

ಅಘನಾಶಿನಿ (ಕುಮಟಾ)

ಬೆಣ್ಣೆಹೊಳೆಯವರ ಪ್ರಶ್ನೆಗೆ ಉತ್ತರ ಬರುವ ತನಕ "ಸೆಕೆಯದೇ ಕಾರಣವಾ" ಅನ್ನುವುದಕ್ಕೆ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು, ಹಾಗಾಗಿ ಸ್ವಲ್ಪ ಪಾಠದ ಹಾಗೆ ಕಂಡರೆ ಕ್ಷಮಿಸಿ.

ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಪ್ರೊಸೆಸರ್‌ನ ಬಿಸಿಯನ್ನು ರೂಮಿನ ಗಾಳಿಗೆ ದಾಟಿಸುತ್ತದೆ, ಅಷ್ಟೇ. ರೂಮಿಗಿಂತ ತಣ್ಣಗೆ ಮಾಡಲು ಅದಕ್ಕೆ ಸಾಧ್ಯ ಇಲ್ಲ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದರೆ ಪ್ರೊಸೆಸರ್ ರೂಮಿಗಿಂತ ಹೆಚ್ಚು ಕಡಿಮೆ ಅಷ್ಟೇ ಡಿಗ್ರಿ ಮೇಲೆ ನಿಲ್ಲುತ್ತದೆ. ರೂಮು 33, ಚಿಪ್ 83 ಅಂದರೆ ವ್ಯತ್ಯಾಸ 50. ಅದೇ ಮೆಷಿನ್ ಶಿರಸಿಯಲ್ಲಿ ಚಳಿಗಾಲದ ಬೆಳಿಗ್ಗೆ 17 ಡಿಗ್ರಿಯ ಕೋಣೆಯಲ್ಲಿ ಇದ್ದರೆ 67ರ ಹತ್ತಿರ ಬರುತ್ತದೆ. ಯುಟ್ಯೂಬ್‌ನಲ್ಲಿ ತೋರಿಸುವ ಸಂಖ್ಯೆಗಳು ಹೆಚ್ಚಾಗಿ 20-25 ಡಿಗ್ರಿಯ ಎಸಿ ಕೋಣೆಯವು. ನಮ್ಮ ಮೇ ತಿಂಗಳಿಗೆ ಅದಕ್ಕೆ ಹತ್ತು ಸೇರಿಸಿ ಓದಬೇಕು.

ಹಾಗಾದರೆ ಸೆಕೆ ನಿಮ್ಮ ಮೇಲೆ ಹೊರಿಸುವುದು ಹತ್ತು ಹನ್ನೆರಡು ಡಿಗ್ರಿ. 12400ಗೆ ಇಂಟೆಲ್ ಕೊಟ್ಟಿರುವ ಬೇಸ್ ಪವರ್ 65 ವಾಟ್, ಟರ್ಬೊದಲ್ಲಿ, ಅಂದರೆ ಮಾಮೂಲಿಗಿಂತ ವೇಗ ಏರಿಸಿಕೊಂಡಾಗ, ಗರಿಷ್ಠ 117 ವಾಟ್. ಜೊತೆಗೆ ಬರುವ ಕೂಲರ್ ಸರಿಯಾಗಿ ಕೂತಿದ್ದರೆ ಈ ಸೆಕೆಯಲ್ಲಿ 80-90ರ ನಡುವೆ ಎಲ್ಲೋ ನಿಲ್ಲಬೇಕು. 100 ಅನ್ನುವುದು ಆ ಚಿಪ್‌ನ ಗಡಿ. ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಥ್ರಾಟಲ್ ಅನ್ನುತ್ತಾರಲ್ಲ, ಅದು. ಸುಟ್ಟುಹೋಗುವ ಭಯ ಬೇಡ. ಆದರೆ ನೀವು ಕೊಟ್ಟ ದುಡ್ಡಿನ ವೇಗ ನಿಮಗೆ ಸಿಗುತ್ತಿಲ್ಲ.

ಭಟ್ಕಳ ಬಂದರು

ಕೈಗಾಕ್ಕೆ ಕದ್ರಾ ಡ್ಯಾಮಿನ ನೀರು ಬೇಕು, ಒಪ್ಪಿದೆ. 65 ವಾಟ್‌ನ ಐ5ಗೂ ನೀರು ಬೇಕಾ ಗೇಮರ್ ತಮ್ಮಾ?

ಹೊನ್ನಾವರ ಗೇಮರ್

😂 ಸರಿ ಅಣ್ಣಾ. ನನ್ನದು ಐ7-13700ಕೆ. ಅದು 200 ವಾಟ್ ದಾಟುತ್ತದೆ, ಅದಕ್ಕೆ ಬೇಕು. ಐ5ಗೆ ಬೇಡ ಅಂತಿಟ್ಟುಕೊಳ್ಳಿ.

ಕಾಜುಬಾಗ ಎಡಿಟರ್ (ಕಾರವಾರ)

ನೋಡಿದೆ. ಒತ್ತಿದ ತಕ್ಷಣ ಏರುತ್ತದೆ, ಒಂದು ಎರಡು ಮೂರು ಅನ್ನುವಷ್ಟರಲ್ಲಿ 98, ಆಮೇಲೆ 100. ನಿಲ್ಲಿಸಿದರೆ ಅಷ್ಟೇ ಬೇಗ 60ರ ಕೆಳಗೆ. ಪವರ್ ಮೊದಲು 80ರ ಮೇಲೆ ತೋರಿಸಿ ಕೂಡಲೇ 50ರ ಆಸುಪಾಸಿಗೆ ಬೀಳುತ್ತದೆ. ಕೂಲರ್ ಮುಟ್ಟಿದೆ, ಬರೀ ಬೆಚ್ಚಗಿದೆ. 100 ಡಿಗ್ರಿ ಅಂತ ಸ್ಕ್ರೀನ್ ಮೇಲೆ, ಕೈಗೆ ಚಹಾ ಲೋಟದಷ್ಟೂ ಬಿಸಿ ಇಲ್ಲ!

ಬೆಣ್ಣೆಹೊಳೆ (ಶಿರಸಿ)

ಇಷ್ಟು ಸಾಕು. ನಿಮ್ಮದು ಸೆಕೆಯ ತೊಂದರೆ ಅಲ್ಲ, ಗಾಳಿಯ ತೊಂದರೆಯೂ ಅಲ್ಲ. ಕೂಲರ್ ಪ್ರೊಸೆಸರ್ ಮೇಲೆ ಸರಿಯಾಗಿ ಕೂತೇ ಇಲ್ಲ. ಚಿಪ್ ಕುದಿಯುತ್ತಿದೆ, ಆ ಬಿಸಿ ಮೇಲಿನ ಲೋಹಕ್ಕೆ ದಾಟುತ್ತಿಲ್ಲ. ಅದಕ್ಕೇ ಕೂಲರ್ ತಣ್ಣಗಿದೆ.

ಧೂಳು ತುಂಬಿದ್ದರೆ, ಕ್ಯಾಬಿನೆಟ್ಟಿಗೆ ಗಾಳಿ ಸಾಲದಿದ್ದರೆ ಏರುವುದು ನಿಧಾನ. ಅಷ್ಟು ಲೋಹ ಬಿಸಿಯಾಗಬೇಕು, ಒಳಗಿನ ಗಾಳಿ ಬಿಸಿಯಾಗಬೇಕು, ಅದಕ್ಕೆ ಹೊತ್ತು ಬೇಕು. ಮುಟ್ಟಿದರೆ ಕೂಲರ್ ಕೂಡ ಚುರ್ ಅನ್ನುತ್ತದೆ. ಸೆಕೆಂಡಿನಲ್ಲಿ ಹಾರಿದರೆ ಚಿಪ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್, ಅಥವಾ ಕೂಲರ್ ಕೂರಿಸಿದ್ದು, ಎರಡರಲ್ಲಿ ಒಂದು ಕೆಟ್ಟಿದೆ ಅಂತ ಲೆಕ್ಕ. ಯಾರದ್ದೇ ಮೆಷಿನ್ ಬಂದರೂ ನಾನು ಮೊದಲು ನೋಡುವುದು ಇದನ್ನು.

ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿದ್ದು ಅಂದಿರಲ್ಲ. ಅರಬೈಲ್ ಘಟ್ಟ ಇಳಿದು ಬಂದಿದೆ. ಇಂಟೆಲ್ ಕೂಲರ್ ನಿಲ್ಲುವುದು ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ. ಜೋಡಿಸುವವರು ಮೂರನ್ನು ಒತ್ತಿ ನಾಲ್ಕನೆಯದನ್ನು ಅರ್ಧ ಒತ್ತಿದ್ದರೂ ಅಂಗಡಿಯ ಟೇಬಲ್ ಮೇಲೆ ಸರಿ ಇದ್ದ ಹಾಗೆ ಕಾಣುತ್ತದೆ. ಘಟ್ಟದ ತಿರುವಿನಲ್ಲಿ ಕುಲುಕಿದಾಗ ಅದು ಎದ್ದುಬಿಡುತ್ತದೆ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದರೂ ಸಾಕು, ಕೆಲಸ ಕೆಟ್ಟಿತು.

ನೋಡುವುದು ಹೀಗೆ. ಪವರ್ ವೈರ್ ತೆಗೆಯಿರಿ. ಬೋರ್ಡ್‌ನ ಹಿಂದಿನ ಬದಿಯ ಮುಚ್ಚಳ ತೆಗೆಯಿರಿ. ಪ್ರೊಸೆಸರ್ ಇರುವ ಜಾಗದಲ್ಲಿ ತಗಡಿಗೆ ದೊಡ್ಡ ಕಿಂಡಿ ಇರುತ್ತದೆ. ಅದರೊಳಗೆ ಟಾರ್ಚ್ ಬಿಡಿ. ನಾಲ್ಕು ಕಡೆ ಬಿಳಿ ಪ್ಲಾಸ್ಟಿಕ್ ಕಾಲು ಬೋರ್ಡಿನಿಂದ ಹೊರಗೆ ಬಂದಿರಬೇಕು. ಸರಿಯಾಗಿ ಕೂತದ್ದರಲ್ಲಿ ಆ ಬಿಳಿ ಕಾಲು ಸೀಳಿಕೊಂಡು ಅಗಲ ಆಗಿರುತ್ತದೆ, ನಡುವೆ ಕಪ್ಪು ಮೊಳೆ ತಲೆ ಹಾಕಿರುತ್ತದೆ. ಕೂರದೇ ಇದ್ದದ್ದರಲ್ಲಿ ಬಿಳಿ ಕಾಲು ಮುಚ್ಚಿಕೊಂಡೇ ಇರುತ್ತದೆ, ಕಪ್ಪು ಕಾಣುವುದಿಲ್ಲ. ನಾಲ್ಕನ್ನೂ ಒಂದಕ್ಕೊಂದು ಹೋಲಿಸಿ ನೋಡಿದರೆ ಎಂಥವರಿಗೂ ಗೊತ್ತಾಗುತ್ತದೆ.

ಎದ್ದಿದ್ದರೆ ಸುಮ್ನೆ ಮೇಲಿಂದ ಒತ್ತಿ ಬಿಟ್ಟುಬಿಡಬೇಡಿ. ಒಮ್ಮೆ ಎದ್ದ ಮೇಲೆ ಪೇಸ್ಟ್ ನಡುವೆ ಗಾಳಿ ಸೇರಿರುತ್ತದೆ. ಪೂರ್ತಿ ತೆಗೆದು, ಹಳೆಯದನ್ನು ಒರೆಸಿ, ಹೊಸ ಪೇಸ್ಟ್ ಹಾಕಿ. ಒರೆಸಲಿಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಪೇಸ್ಟ್ ಎಂಎಕ್ಸ್-4 ಆದರೂ ಸರಿ, ಒಳ್ಳೆಯ ಹೆಸರಿನ ಬೇರೆ ಯಾವುದಾದರೂ ಸರಿ. ಬಿಳಿ ಬಣ್ಣದ ಹೆಸರಿಲ್ಲದ ಡಬ್ಬಿ ಬೇಡ. ಈ 12ನೇ ಜನರೇಶನ್ ಚಿಪ್ ಹಿಂದಿನವುಗಳ ಹಾಗೆ ಚೌಕ ಅಲ್ಲ, ಉದ್ದಕ್ಕಿದೆ. ಹಾಗಾಗಿ ನಡುವೆ ಒಂದು ಬೊಟ್ಟು ಇಡುವ ಬದಲು ಉದ್ದಕ್ಕೆ ಸಣ್ಣ ಗೆರೆ ಎಳೆಯಿರಿ. ಬೆರಳಿನಲ್ಲಿ ಸವರಬೇಡಿ, ಕೂಲರ್ ಒತ್ತಿದಾಗ ಅದೇ ಹರಡುತ್ತದೆ.

ಪಿನ್ ತೆಗೆಯಲು ತಲೆಯ ಮೇಲಿರುವ ಬಾಣದ ದಿಕ್ಕಿಗೆ ತಿರುಗಿಸಿ ಎಳೆಯಿರಿ. ಹಾಕುವಾಗ ತಿರುವನ್ನು ಮೊದಲಿದ್ದ ಹಾಗೆ ವಾಪಸ್ ತನ್ನಿ, ಆಮೇಲೆ ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ. ಟಕ್ ಅಂತ ಸದ್ದು ಬರಬೇಕು. ನಂತರ ಉಳಿದ ಎರಡು. ಬೋರ್ಡ್ ಬಾಗುತ್ತದಲ್ಲ ಅಂತ ಹೆದರಿಕೆ ಆಗುತ್ತದೆ, ಸ್ವಲ್ಪ ಬಾಗುತ್ತದೆ, ಅಡ್ಡಿಲ್ಲ.

ಭಟ್ಕಳ ಬಂದರು

ಪೇಸ್ಟ್ ಬದಲು ಟೂತ್‌ಪೇಸ್ಟ್ ಹಾಕಿದರೂ ಆಗುತ್ತದೆ ಅಂತ ಒಬ್ಬರು ಹೇಳಿದ್ರು.

ಬೆಣ್ಣೆಹೊಳೆ (ಶಿರಸಿ)

ನಾಲ್ಕು ದಿನ ಆಗುತ್ತದೆ. ಆಮೇಲೆ ನೀರು ಆರಿ ಸುಣ್ಣದ ಪುಡಿ ಉಳಿಯುತ್ತದೆ. ಹಲ್ಲಿಗೆ ಹಾಕಿ.

ಸದಾಶಿವಗಡ 66

ಪಿನ್ ವಿಷಯ ಸರಿ. ಆದರೆ ಮುಚ್ಚಳ ತೆಗೆದಿಡಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ, ಅದಕ್ಕೆ ಒಂದು ಮಾತು. ಪರೀಕ್ಷೆ ಮಾಡಲಿಕ್ಕೆ ತೆಗೆಯಿರಿ, ತೊಂದರೆ ಇಲ್ಲ. ತೆಗೆದಾಗ 8-10 ಡಿಗ್ರಿ ಇಳಿದರೆ ನಿಮ್ಮ ಕ್ಯಾಬಿನೆಟ್ ಉಸಿರು ಕಟ್ಟಿಕೊಂಡಿದೆ ಅಂತ ಅರ್ಥ. ಎರಡೇ ಡಿಗ್ರಿ ಇಳಿದರೆ ಕ್ಯಾಬಿನೆಟ್ ಸರಿ ಇದೆ, ತಪ್ಪು ಬೇರೆ ಕಡೆ ಇದೆ. ಆದರೆ ಹಾಗೇ ಬಿಟ್ಟು ವರ್ಷಗಟ್ಟಲೆ ಓಡಿಸಬೇಡಿ. ನಮ್ಮದು ಸಮುದ್ರದ ದಂಡೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಕಿಟಕಿಯಿಂದ ನೇರ ಒಳಗೆ ಬರುತ್ತದೆ. ಅದರಲ್ಲಿರುವ ಉಪ್ಪು ಬೋರ್ಡ್ ಮೇಲೆ ಕೂರುತ್ತದೆ, ಮಳೆಗಾಲದ ಪಸೆ ಹಿಡಿದುಕೊಳ್ಳುತ್ತದೆ. ನನ್ನ ಹಳೇ ಮೆಷಿನ್‌ನಲ್ಲಿ ಕೂಲರ್ ರೆಕ್ಕೆಗಳ ಮೇಲೆ ಬಿಳಿ ಪುಡಿ, ತಾಮ್ರದ ಮೇಲೆ ಹಸಿರು, ಸ್ಕ್ರೂ ಎಲ್ಲಾ ತುಕ್ಕು. ಸತ್ತದ್ದು ಬಿಸಿಗೆ ಅಲ್ಲ, ಉಪ್ಪಿಗೆ.

ಮುಂದೆ ಪೂರ್ತಿ ಗ್ಲಾಸ್ ಅಂದಿರಿ. ಅದರ ಪಕ್ಕದಲ್ಲಿ ಬೆರಳು ಹೋಗುವಷ್ಟು ಸಂದಿ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಫ್ಯಾನ್ ಗಾಜನ್ನೇ ನೋಡುತ್ತಾ ತಿರುಗುತ್ತಿರುತ್ತದೆ. ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್ ತಗೊಳ್ಳಿ ಅಂತ ಅಂಗಡಿಯವರು ಹೇಳುವುದಿಲ್ಲ, ಬಣ್ಣದ ಲೈಟ್ ಕಾಣಬೇಕಲ್ಲ. ಫ್ಯಾನಿನ ದಿಕ್ಕೂ ಪರೀಕ್ಷಿಸಿ. ಅಡ್ಡಪಟ್ಟಿ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಮುಂದಿನದು ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಎರಡೂ ಹೊರಗೆ ತಳ್ಳುವ ಹಾಗೆ ಕೂರಿಸಿದ್ದನ್ನೂ ಕಂಡಿದ್ದೇನೆ.

ಒಳಗೆ ಎಳೆಯುವ ಗಾಳಿ ಸ್ವಲ್ಪ ಜಾಸ್ತಿ ಇರಲಿ, ಎಳೆಯುವ ಕಡೆ ಫಿಲ್ಟರ್ ಇರಲಿ. ಆಗ ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ.

ಯಲ್ಲಾಪುರ ಮಾಣಿ

ಇದೇ ಚರ್ಚೆಯಲ್ಲಿ ಕೇಳಬಹುದಾ? ನನ್ನದು ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್, ಬಾಕ್ಸ್ ಜೊತೆ ಬಂದ ರೈತ್ ಸ್ಟೆಲ್ತ್ ಕೂಲರ್. ಏನೂ ಮಾಡದೇ ಇದ್ದರೂ 42 ಇದ್ದದ್ದು ಒಮ್ಮೆಲೇ 58 ಆಗುತ್ತದೆ, ಮತ್ತೆ 43. ಫ್ಯಾನ್ ಗುಯ್ ಅನ್ನುತ್ತದೆ, ಸುಮ್ಮನಾಗುತ್ತದೆ. ದಿನವಿಡೀ ಹೀಗೇ. ನಂದೂ ಕೂಲರ್ ಎದ್ದಿದೆಯಾ?

ಬೆಣ್ಣೆಹೊಳೆ (ಶಿರಸಿ)

ಇಲ್ಲ ಮಾಣಿ. ರೈಜನ್‌ಗಳ ಸ್ವಭಾವವೇ ಹಾಗೆ. ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆರೆದರೂ ಒಂದು ಕೋರ್ ಪೂರ್ತಿ ವೇಗಕ್ಕೆ ಹಾರುತ್ತದೆ, ವೋಲ್ಟೇಜ್ ಏರುತ್ತದೆ, ಆ ಜಾಗದ ಬಿಸಿ ಸೆನ್ಸರ್‌ಗೆ ಕಾಣುತ್ತದೆ. ಮರುಕ್ಷಣ ಇಳಿಯುತ್ತದೆ. ಲೋಡ್ ಹಾಕಿದಾಗ ಎಷ್ಟು?

ಯಲ್ಲಾಪುರ ಮಾಣಿ

ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಟೆಸ್ಟ್) ಹಾಕಿದರೆ ಹತ್ತು ನಿಮಿಷದಲ್ಲಿ 80, 81. ಅಲ್ಲೇ ನಿಲ್ಲುತ್ತದೆ.

ಬೆಣ್ಣೆಹೊಳೆ (ಶಿರಸಿ)

ಆ ಚಿಪ್‌ನ ಗಡಿ 90. ಸಣ್ಣ ಕೂಲರ್ ಅದು, 81 ಅಂದರೆ ಏನೂ ತೊಂದರೆ ಇಲ್ಲ. ಬಯೋಸ್‌ನಲ್ಲಿ (ಮೆಷಿನ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಫ್ಯಾನ್ ಕರ್ವ್, ಅಂದರೆ ಎಷ್ಟು ಡಿಗ್ರಿಗೆ ಎಷ್ಟು ವೇಗ ಅನ್ನುವ ಗೆರೆ, ತೆರೆದು 60ರ ತನಕ ಒಂದೇ ವೇಗ ಇಡು, ಅಲ್ಲಿಂದ ಮೇಲೆ ಏರಿಸು. ಹೆಚ್ಚಿನ ಬೋರ್ಡ್‌ಗಳಲ್ಲಿ ಫ್ಯಾನ್ ತಡವಾಗಿ ಏರುವ ಹಾಗೆ ಮಾಡಲಿಕ್ಕೂ ಜಾಗ ಇರುತ್ತದೆ, ಕೆಲವು ಸೆಕೆಂಡ್ ಕೊಡು. ಗುಯ್ ಅನ್ನೋದು ನಿಲ್ಲುತ್ತದೆ.

ಇನ್ನೂ ಇಳಿಸಬೇಕು ಅನ್ನಿಸಿದರೆ ಎರಡು ದಾರಿ. ಇಕೊ ಮೋಡ್ ಒಂದು. ಆ ಚಿಪ್ ಮಾಮೂಲಿಯಾಗಿ 76 ವಾಟ್ ತನಕ ತಗೊಳ್ಳುತ್ತದೆ, ಇಕೊದಲ್ಲಿ 61ಕ್ಕೆ ಕಟ್ಟಿಹಾಕುತ್ತದೆ. ಇನ್ನೊಂದು ಕರ್ವ್ ಆಪ್ಟಿಮೈಜರ್, ಅಂದರೆ ಕೋರ್‌ಗಳ ವೋಲ್ಟೇಜ್ ಇಳಿಸುವುದು. ಎಲ್ಲಾ ಕೋರ್‌ಗೆ ಮೈನಸ್ 10 ಕೊಟ್ಟು ಶುರು ಮಾಡು, ಸರಿ ಇದ್ದರೆ 15. ಇಲ್ಲಿ ಒಂದು ಮೋಸ ಇದೆ. ಸಿನೆಬೆಂಚ್ ಪಾಸಾಯಿತು ಅಂತ ನಂಬಬೇಡ. ಜಾಸ್ತಿ ಇಳಿಸಿದರೆ ಕೈಕೊಡುವುದು ಪೂರ್ತಿ ಲೋಡಿನಲ್ಲಿ ಅಲ್ಲ, ಸುಮ್ನೆ ಇದ್ದಾಗ. ಚಹಾ ಕುಡಿದು ಬರುವಷ್ಟರಲ್ಲಿ ಮೆಷಿನ್ ರೀಸ್ಟಾರ್ಟ್ ಆಗಿರುತ್ತದೆ.

ಹಾಂ, ಕೂಲರ್ ತೆಗೆಯುವ ದಿನ ಬಂದರೆ ನೆಟ್ಟಗೆ ಮೇಲಕ್ಕೆ ಎಳೆಯಬೇಡ. ನಿನ್ನದು ಎಎಂ4 ಸಾಕೆಟ್, ಪ್ರೊಸೆಸರ್ ಅಡಿಯಲ್ಲಿ ಪಿನ್ ಇರುತ್ತದೆ. ಪೇಸ್ಟ್ ಗಟ್ಟಿಯಾಗಿದ್ದರೆ ಲಾಕ್ ಹಾಕಿದ ಸಾಕೆಟ್‌ನಿಂದ ಚಿಪ್ಪೇ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತು ನಿಮಿಷ ಮೆಷಿನ್ ಓಡಿಸಿ ಬಿಸಿ ಮಾಡು, ಆಫ್ ಮಾಡಿ ಸ್ಕ್ರೂ ಬಿಚ್ಚು, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚು. ಸಡಿಲ ಆದಮೇಲೆ ಎತ್ತು.

ಕಾಜುಬಾಗ ಎಡಿಟರ್ (ಕಾರವಾರ)

ಬೆಣ್ಣೆಹೊಳೆ ಅಣ್ಣಾ, ನೀವು ಇಲ್ಲೇ ಕೂತು ನೋಡಿದ ಹಾಗೆ ಹೇಳಿದಿರಿ! ಟಾರ್ಚ್ ಬಿಟ್ಟು ನೋಡಿದೆ. ಮೂರು ಕಡೆ ಕಪ್ಪು ಮೊಳೆ ಕಾಣುತ್ತದೆ. ಮೇಲಿನ ಮೂಲೆಯದು ಅರ್ಧಕ್ಕೆ ನಿಂತಿದೆ, ಬಿಳಿ ಕಾಲು ಮುಚ್ಚಿಕೊಂಡಿದೆ. ಕೂಲರ್ ತೆಗೆದಾಗ ಪೇಸ್ಟ್ ಒಂದು ಬದಿಗೆ ತೆಳ್ಳಗೆ ಹರಡಿದೆ, ಇನ್ನೊಂದು ಬದಿಯಲ್ಲಿ ಕಾರ್ಖಾನೆಯಲ್ಲಿ ಹಾಕಿದ ಪಟ್ಟಿ ಹಾಗೇ ಇದೆ, ಗೆರೆ ಕೂಡ ಮಾಸಿಲ್ಲ.

ಒರೆಸಿ ಹೊಸ ಪೇಸ್ಟ್ ಹಾಕಿ ಒತ್ತಿದೆ. ಟಕ್ ಅಂದಾಗ ಬೋರ್ಡೇ ಮುರಿಯಿತು ಅಂದುಕೊಂಡೆ. ಈಗ ಮಧ್ಯಾಹ್ನ, ರೂಮು 33, ಒಂದು ಗಂಟೆ ರೆಂಡರ್ ಆದ ಮೇಲೆ 86. ಫ್ಯಾನ್ ಸದ್ದು ಇದೆ, ಮೊದಲಿನಷ್ಟಿಲ್ಲ. ಪವರ್ 75 ವಾಟ್ ಹತ್ತಿರ ನಿಂತಿದೆ. ರೆಂಡರ್ ಕೂಡ ಮೊದಲಿಗಿಂತ ಎಷ್ಟೋ ಬೇಗ ಮುಗಿಯಿತು. ಇನ್ನೂ ಇಳಿಸಬಹುದಾ? ವಾಟರ್ ಕೂಲರ್ ದುಡ್ಡು ಉಳಿಯಿತಲ್ಲ, ಅದರಲ್ಲಿ ಏನಾದರೂ ಮಾಡೋಣ ಅಂತ.

ಅಘನಾಶಿನಿ (ಕುಮಟಾ)

ದುಡ್ಡು ಖರ್ಚು ಮಾಡದೆ ಇಳಿಸುವುದು ಮೊದಲು ನೋಡಿ.

ಬಯೋಸ್‌ನಲ್ಲಿ ಪಿಎಲ್1, ಪಿಎಲ್2 ಅಂತ ಎರಡು ಮಿತಿ ಇರುತ್ತವೆ. ಪಿಎಲ್1 ಅಂದರೆ ದೀರ್ಘ ಹೊತ್ತು ಎಷ್ಟು ವಾಟ್ ತಗೊಳ್ಳಬಹುದು, ಪಿಎಲ್2 ಅಂದರೆ ಸ್ವಲ್ಪ ಹೊತ್ತು ಎಷ್ಟು ತಗೊಳ್ಳಬಹುದು. ಇಂಟೆಲ್ ಲೆಕ್ಕದಲ್ಲಿ ನಿಮ್ಮ ಚಿಪ್‌ಗೆ 65 ಮತ್ತು 117. ಎಷ್ಟೋ ಬೋರ್ಡ್‌ಗಳು ಈ ಮಿತಿಯನ್ನು ಎತ್ತಿಬಿಟ್ಟಿರುತ್ತವೆ, ಬಯೋಸ್‌ನಲ್ಲಿ 4096 ಅಂತ ಕಾಣುತ್ತದೆ. ಅಂದರೆ ಮಿತಿಯೇ ಇಲ್ಲ ಅಂತ. ನಿಮ್ಮದು ಒಂದು ಗಂಟೆಯಾದರೂ 75ರಲ್ಲಿ ನಿಂತಿದೆ ಅಂದರೆ ಅದೂ ಹಾಗೇ ಇರಬೇಕು. ಪಿಎಲ್1 ಅನ್ನು 65ಕ್ಕೆ ಇಟ್ಟು ನೋಡಿ.

ಹತ್ತು ವಾಟ್ ಕಳೆದರೆ ವೇಗ ಅಷ್ಟೇ ಪ್ರಮಾಣದಲ್ಲಿ ಬೀಳುತ್ತದೆ ಅಂತ ಅಂದುಕೊಳ್ಳಬೇಡಿ. ಚಿಪ್ ತಿನ್ನುವ ಶಕ್ತಿ ವೇಗಕ್ಕೆ ನೇರವಾಗಿ ಏರುತ್ತದೆ, ವೋಲ್ಟೇಜಿಗೆ ವರ್ಗದಲ್ಲಿ ಏರುತ್ತದೆ. ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಶೇ 10 ಇಳಿಸಿದರೆ ಶಕ್ತಿ ಸುಮಾರು ಶೇ 19 ಇಳಿಯುತ್ತದೆ. ಕೊನೆಯ ಒಂದೆರಡು ನೂರು ಮೆಗಾಹರ್ಟ್ಸ್ ಏರಲು ಚಿಪ್ ತುಂಬಾ ವೋಲ್ಟೇಜ್ ಕೇಳುತ್ತದೆ, ಬಿಸಿಯಲ್ಲಿ ದೊಡ್ಡ ಪಾಲು ಅದರದ್ದೇ. ಅಷ್ಟನ್ನು ಬಿಟ್ಟುಕೊಟ್ಟರೆ ರೆಂಡರ್ ಸ್ವಲ್ಪವೇ ನಿಧಾನ, ತಂಪು ಜಾಸ್ತಿ.

ನೇರವಾಗಿ ವೋಲ್ಟೇಜ್ ಇಳಿಸೋಣ ಅಂದರೆ ನಿಮ್ಮ ಚಿಪ್ ಹೆಸರಿನ ಕೊನೆಗೆ ಕೆ ಅಕ್ಷರ ಇಲ್ಲ, ಹೆಚ್ಚಿನ ಬೋರ್ಡ್‌ಗಳಲ್ಲಿ ಅದಕ್ಕೆ ಅವಕಾಶ ಇರುವುದಿಲ್ಲ. ಮಿತಿ ಇಳಿಸುವುದೇ ದಾರಿ.

ಹೊನ್ನಾವರ ಗೇಮರ್

ವಿಂಡೋಸ್ ಪವರ್ ಆಪ್ಶನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡಿದರೆ ಸಾಕಲ್ವಾ? ಬಯೋಸ್‌ಗೆ ಹೋಗೋದೇ ಬೇಡ. 20 ಡಿಗ್ರಿ ಇಳಿಯುತ್ತೆ.

ಅಘನಾಶಿನಿ (ಕುಮಟಾ)

ಇಳಿಯುತ್ತದೆ, ಏಕೆಂದರೆ 99 ಮಾಡಿದರೆ ಟರ್ಬೊ ಪೂರ್ತಿ ಬಂದ್. 12400ರ ಬೇಸ್ ವೇಗ 2.5 ಗಿಗಾಹರ್ಟ್ಸ್. ಎಲ್ಲಾ ಕೋರ್ ಓಡುವಾಗ ಅದು 4ರ ಹತ್ತಿರ ಇರುತ್ತದೆ. ರಾತ್ರಿಯಿಡೀ ಓಡುವ ರೆಂಡರ್‌ಗೆ ಇದು ಬಹಳ ದುಬಾರಿ ತಂಪು. ಕರೆಂಟ್ ಹೋಗಿ ಯುಪಿಎಸ್ ಮೇಲೆ ಇದ್ದಾಗ, ಅಥವಾ ಬರೀ ಟೈಪಿಂಗ್ ಮಾಡುವಾಗ ಮಾಡಿಕೊಳ್ಳಿ.

ಹೊನ್ನಾವರ ಗೇಮರ್

ಅಕ್ಕಾ, ಇನ್ನೊಂದು ಡೌಟು. ರೂಮಿಗಿಂತ ತಣ್ಣಗೆ ಆಗೋದಿಲ್ಲ ಅಂದಿರಿ. ಐಸ್ ನೀರು ಬಿಟ್ಟರೆ? ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) ಹಾಕಿದರೆ? ಎಸಿಯ ಬಾಯಿಗೇ ಕ್ಯಾಬಿನೆಟ್ ಇಟ್ಟರೆ?

ಅಘನಾಶಿನಿ (ಕುಮಟಾ)

ಮೊದಲ ಎರಡೂ ನಮ್ಮ ಕರಾವಳಿಯಲ್ಲಿ ಬೇಡವೇ ಬೇಡ. ಮೇ ತಿಂಗಳಲ್ಲಿ ಇಲ್ಲಿ ಗಾಳಿಯ ಇಬ್ಬನಿ ಬಿಂದು 25-26 ಡಿಗ್ರಿ ಇರುತ್ತದೆ. ಅದಕ್ಕಿಂತ ತಣ್ಣಗಿನ ಯಾವ ವಸ್ತುವಾದರೂ ಬೆವರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ಹೊರಗೆ ನೀರು ಹರಿಯುತ್ತದಲ್ಲ, ಅದು ಪ್ರೊಸೆಸರ್ ಸಾಕೆಟ್ ಸುತ್ತ ಹರಿದರೆ ಕಥೆ ಮುಗಿಯಿತು.

ಎಸಿ ಕೋಣೆಯಲ್ಲಿ ಓಡುವ ಮೆಷಿನ್‌ಗೆ ತೊಂದರೆ ಇಲ್ಲ. ಎಸಿ ಗಾಳಿಯ ತೇವವನ್ನೂ ತೆಗೆಯುತ್ತದೆ. ಓಡುವ ಮೆಷಿನ್ ರೂಮಿಗಿಂತ ಬಿಸಿ ಇರುತ್ತದೆ, ಹಾಗಾಗಿ ಬೆವರುವುದಿಲ್ಲ. ಎಚ್ಚರ ಬೇಕಾದ್ದು ಆಮೇಲೆ. ಮೆಷಿನ್ ಆಫ್ ಮಾಡಿ 22 ಡಿಗ್ರಿಯಲ್ಲಿ ತಣ್ಣಗಾಗಲು ಬಿಟ್ಟು, ಎಸಿ ನಿಲ್ಲಿಸಿ ಕಿಟಕಿ ಪೂರ್ತಿ ತೆರೆದರೆ ಹೊರಗಿನ ಒದ್ದೆ ಗಾಳಿ ತಣ್ಣಗಿನ ಲೋಹಕ್ಕೆ ತಾಗುತ್ತದೆ. ಹಾಗಾಗಿದ್ದರೆ ಒಂದೆರಡು ಗಂಟೆ ಬಿಟ್ಟು ಆನ್ ಮಾಡಿ.

ಸದಾಶಿವಗಡ 66

ಮಳೆಗಾಲಕ್ಕೂ ಇದೇ ಕಾರಣಕ್ಕೆ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಒಂದು ಗಂಟೆಯಾದರೂ ಮೆಷಿನ್ ಓಡಿಸಿ. ಒಳಗೆ ಬೆಚ್ಚಗಾದರೆ ಪಸೆ ಹಿಡಿಯುವುದಿಲ್ಲ. ರಜೆಗೆ ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟು ವಾಪಸ್ ಬಂದು ಆನ್ ಮಾಡಿದವರ ಮೆಷಿನ್‌ಗಳೇ ಹೆಚ್ಚು ಕೆಡುವುದು.

ಯಲ್ಲಾಪುರ ಮಾಣಿ

ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಹೊಗೆ ಕಂಪ್ಯೂಟರ್ ರೂಮಿನ ತನಕ ಬರುತ್ತದೆ. ಕೂಲರ್ ಮೇಲೆ ಕಪ್ಪು ಅಂಟು. ಬ್ರಶ್‌ಗೆ ಬರುವುದಿಲ್ಲ. ಅಡಿಕೆ ಸುಲಿಯುವ ಕಾಲಕ್ಕೆ ಅದರ ಮೇಲೆ ಇನ್ನಷ್ಟು ಧೂಳು ಕೂರುತ್ತದೆ.

ಬೆಣ್ಣೆಹೊಳೆ (ಶಿರಸಿ)

ಘಟ್ಟದ ಮೇಲಿನ ಎಲ್ಲರ ಮನೆಯಲ್ಲೂ ಇದೇ ಕಥೆ. ಕರಾವಳಿಗೆ ಉಪ್ಪು, ನಮಗೆ ಹೊಗೆ. ಆ ಅಂಟಿಗೆ ಬ್ಲೋವರ್ ಹೊಡೆದರೆ ಮೇಲಿನ ಧೂಳು ಮಾತ್ರ ಹೋಗುತ್ತದೆ. ಕೂಲರ್ ಬಿಚ್ಚಿ, ಫ್ಯಾನ್ ಬೇರೆ ಮಾಡಿ, ಬರೀ ಲೋಹದ ಭಾಗವನ್ನು ಪಾತ್ರೆ ತೊಳೆಯುವ ಸೋಪಿನ ಬಿಸಿ ನೀರಿನಲ್ಲಿ ಹಳೇ ಟೂತ್‌ಬ್ರಶ್ ಹಾಕಿ ತಿಕ್ಕು. ಒಂದು ದಿನ ಬಿಸಿಲಿಗೆ ಇಡು. ಪೂರ್ತಿ ಒಣಗದೆ ಹಾಕಬೇಡ. ಹಾಕುವಾಗ ಹೊಸ ಪೇಸ್ಟ್ ಬೇಕೇ ಬೇಕು.

ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಬೇಕು. ಬಿಟ್ಟರೆ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳು, ಅದೇ ಕರೆಂಟ್ ಉತ್ಪಾದಿಸಿ ಬೋರ್ಡಿಗೆ ಕಳಿಸಿದರೂ ಕಳಿಸಿತು. ಪವರ್ ಸಪ್ಲೈ ಒಳಗೆ ಹೊರಗಿಂದಲೇ ಊದು. ಬಿಚ್ಚಬೇಡ, ವೈರ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವ ಇರುತ್ತದೆ.

ಜಾತ್ರೆ ಮುಗಿದ ಮೇಲೆ ಒಂದು ಮೆಷಿನ್ ಬಂದಿತ್ತು. ಮಾಲೀಕರು ಬಿಸಿ, ಆಫ್ ಆಗುತ್ತದೆ ಅಂದರು. ಹಿಂದಿನ ಫ್ಯಾನ್ ತಿರುಗುತ್ತಲೇ ಇಲ್ಲ. ನೋಡಿದರೆ ಕುಂಬಾರ ಹುಳ ಜಾಳಿಗೆಗೂ ರೆಕ್ಕೆಗೂ ಸೇರಿಸಿ ಮಣ್ಣಿನ ಗೂಡು ಕಟ್ಟಿದೆ, ಒಳಗೆ ಮರಿಗೆ ಅಂತ ಜೇಡ ತುಂಬಿಟ್ಟಿದೆ. ಕೆಲವು ದಿನ ಮೆಷಿನ್ ಹಚ್ಚದೇ ಇದ್ದರೆ ಸಾಕು ಅದಕ್ಕೆ. ಮತ್ತೆ ಕಂಪ್ಯೂಟರ್ ಟೇಬಲ್‌ನ ಕೆಳಗಿನ ಗೂಡು, ಮೂರು ಕಡೆ ಹಲಗೆ, ಹಿಂದೆ ಗೋಡೆ. ಅದರೊಳಗೆ ಕ್ಯಾಬಿನೆಟ್ ತುರುಕಿ ಮೇಲೆ ಕಸೂತಿ ಹಾಕಿದ ಬಟ್ಟೆ ಬೇರೆ. ಅಲ್ಲಿಂದ ಹೊರಗೆ ತೆಗೆದಿಟ್ಟರೇ ಎಷ್ಟೋ ಡಿಗ್ರಿ ಇಳಿಯುತ್ತದೆ, ನಾನು ಅದಕ್ಕೆ ಬಿಲ್ ಮಾಡಲೂ ಆಗುವುದಿಲ್ಲ.

ಕಾಜುಬಾಗ ಎಡಿಟರ್ (ಕಾರವಾರ)

ಅಘನಾಶಿನಿ ಮೇಡಂ ಹೇಳಿದ ಹಾಗೆ ಬಯೋಸ್ ನೋಡಿದೆ. 4096 ಅಂತಲೇ ಇತ್ತು. 65 ಮಾಡಿದೆ. ಈಗ ಅದೇ ರೆಂಡರ್, ಅದೇ ಸೆಕೆ, 79. ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಪ್ಪ ನಿದ್ದೆ ಮಾಡುತ್ತಿದ್ದಾರೆ.

ಇನ್ನೊಂದು ಸಿಕ್ಕಿತು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಕನ್ವರ್ಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಎನ್‌ಕೋಡರ್ ಕ್ವಿಕ್ ಸಿಂಕ್‌ಗೆ ಬದಲಾಯಿಸಿದರೆ ಕೆಲಸ ಚಿಪ್ ಒಳಗಿನ ಗ್ರಾಫಿಕ್ಸ್ ಮಾಡುತ್ತದೆ. 60 ಕೂಡ ದಾಟಲಿಲ್ಲ, ಮುಗಿದದ್ದೂ ಬೇಗ.

ಸದಾಶಿವಗಡ 66

ಕ್ವಾಲಿಟಿ ನೋಡಿದಿರಾ? ಅಷ್ಟೇ ಸೈಜಿನ ಫೈಲ್‌ನಲ್ಲಿ ಪ್ರೊಸೆಸರ್‌ನಲ್ಲೇ ಓಡುವ ಎಕ್ಸ್264 ಎನ್‌ಕೋಡರ್ ಮಾಡಿದಷ್ಟು ಚೊಕ್ಕ ಬರುವುದಿಲ್ಲ. ವೇಷದ ಜರಿ, ಕಿರೀಟದ ಮಣಿ, ಕುಣಿಯುವಾಗಿನ ಚಲನೆ, ಇಂಥಲ್ಲಿ ಚೌಕಚೌಕ ಕಾಣುತ್ತದೆ. ಮತ್ತೆ 12400ಎಫ್ ಇದ್ದವರು ಹುಡುಕಬೇಡಿ, ಅದರಲ್ಲಿ ಗ್ರಾಫಿಕ್ಸೇ ಇಲ್ಲ.

ಕಾಜುಬಾಗ ಎಡಿಟರ್ (ಕಾರವಾರ)

ಹೌದು, ಮುಖವರ್ಣಿಕೆಯ ಅಂಚು ಸ್ವಲ್ಪ ಮಸುಕು. ಕಲಾವಿದರಿಗೆ ಮೊದಲು ತೋರಿಸಲಿಕ್ಕೆ ಕ್ವಿಕ್ ಸಿಂಕ್, ಕೊನೆಯ ಫೈಲ್‌ಗೆ ಎಕ್ಸ್264 ಅಂತ ಇಟ್ಟುಕೊಂಡಿದ್ದೇನೆ. ಉಳಿದ ದುಡ್ಡಿಗೆ ಟವರ್ ಕೂಲರ್ ಹಾಕಲಾ? ಡೀಪ್‌ಕೂಲ್ ಎಕೆ400 ನೋಡಿಟ್ಟಿದ್ದೇನೆ.

ಹೊನ್ನಾವರ ಗೇಮರ್

ಹಾಕಿ ಬ್ರೋ, 65 ವಾಟ್‌ಗೆ ಅದು ಸದ್ದೇ ಮಾಡೋದಿಲ್ಲ.

ಬೆಣ್ಣೆಹೊಳೆ (ಶಿರಸಿ)

ಡಿಗ್ರಿಗಾಗಿ ಬೇಡ, 79ರಲ್ಲಿ ಆ ಚಿಪ್ ಎಷ್ಟು ವರ್ಷ ಬೇಕಾದರೂ ಓಡುತ್ತದೆ. ಸದ್ದು ಕಡಿಮೆ ಆಗಬೇಕು ಅಂತಾದರೆ ಹಾಕಿ. ಅದರ ಎತ್ತರ 155 ಮಿಲಿಮೀಟರ್. ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅಂತ ಅದರ ಡಬ್ಬಿ ಮೇಲೆ ಬರೆದಿರುತ್ತದೆ. ಡಬ್ಬಿ ಇಲ್ಲದಿದ್ದರೆ ಪ್ರೊಸೆಸರ್ ಮೇಲ್ಮೈಯಿಂದ ಪಕ್ಕದ ಗ್ಲಾಸ್ ತನಕ ಸ್ಕೇಲ್ ಹಿಡಿದು ಅಳೆಯಿರಿ. ಕೂಲರ್ ತಳದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ತೆಗೆಯಿರಿ, ತೆಗೆಯದೇ ಹಾಕಿ ಮತ್ತೆ 100 ಅಂತ ಬಂದವರಿದ್ದಾರೆ. ಇದು ಬೋರ್ಡ್ ಹಿಂದಿನಿಂದ ಸ್ಕ್ರೂ ಹಾಕಿ ಬಿಗಿಯುವಂಥದ್ದು, ಪಿನ್ ರಗಳೆ ಇಲ್ಲ. ಆದರೆ ಭಾರ ಜಾಸ್ತಿ. ಮುಂದೆ ಎಲ್ಲಾದರೂ ಬಸ್ಸಿಗೋ ಕಾರಿಗೋ ಹಾಕುವುದಾದರೆ ಕ್ಯಾಬಿನೆಟ್ ಮಲಗಿಸಿ, ಬೋರ್ಡ್ ಕೆಳಗೆ ಬರುವ ಹಾಗೆ ಇಡಿ. ನಿಲ್ಲಿಸಿ ಒಯ್ದರೆ ಆ ಭಾರ ಎಲ್ಲಾ ಬೋರ್ಡ್ ಮೇಲೆ ಜೋತಾಡುತ್ತದೆ.

ಕಾಜುಬಾಗ ಎಡಿಟರ್ (ಕಾರವಾರ)

ಈಗಷ್ಟೇ ಅಳೆದೆ, 160 ಬಂತು. ಆರ್ಡರ್ ಹಾಕಿದೆ. ಇಂಟೆಲ್ ಕೂಲರ್ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಪುಕ್ಕಟೆ. ಎಲ್‌ಜಿಎ 1700 ಸಾಕೆಟ್ ಇರುವ ಬೋರ್ಡ್‌ಗೆ ಕೂರುತ್ತದೆ, ಹಿಂದಿನ ಬೋರ್ಡ್‌ಗಳ ತೂತಿನ ಅಂತರ ಬೇರೆ.